ಒಂಬತ್ತನೆಯ ಸಂಪುಟ

ಇವಾಲೊದಿಂದ ಕಾಮನೆನ್‌ವರೆಗೆ, ಮತ್ತೆ ವಾಪಸು,
ರಾತ್ರಿಯಿಡೀ ಹಿಮ ತಳ್ಳುವುದು ನನ್ನ ಕೆಲಸ.
ಡಿಸೆಂಬರಿನಲ್ಲಿ ಇಲ್ಲಿ ರಾತ್ರಿಯಿಡೀ ಎಂದರೆ
ಹಗಲೂ ಸೇರಿತು ಅನ್ನಿ.
ನೇಗಿಲಿನಂಥದೇ ಅಲಗು; ಉತ್ತದ್ದೆಲ್ಲ
ಬೆನ್ನ ಹಿಂದೆಯೇ ಮುಚ್ಚಿಕೊಳ್ಳುತ್ತದೆ.
ಕ್ಯಾಬಿನ್ನಿನಲ್ಲಿ ಒಂದು ಫ್ಲಾಸ್ಕು, ಕಪ್ಪು ರೊಟ್ಟಿ,
ಮತ್ತು ಓಯ್ವ ರಾಂತಾಕಾರಿಯ ಗಂಟಲು.

ಎಂಟು ಸಂಪುಟ ಓದಿದ್ದಾನೆ ಪುಣ್ಯಾತ್ಮ,
ಇನ್‌ಸ್ಪೆಕ್ಟರ್ ವಾರ್ಪುಲನ ಕೊಲೆ ಕೇಸುಗಳು.
ಬರೆದವರು ಯಾರೋ, ನನ್ನ ಕೇಳಬೇಡಿ.
ನನ್ನ ಪಾಲಿಗೆ ಬರೆದವನೂ ಅವನೇ,
ಕೊಂದವನೂ ಅವನೇ, ಹಿಡಿದವನೂ ಅವನೇ.
ಒಂದು ಗುಟ್ಟು ಹೇಳುತ್ತೇನೆ:
ಕೊಲೆಗಾರ ಬಾಯಿ ತೆರೆಯುವ ಮುನ್ನ
ಓಯ್ವ ಸಣ್ಣಗೆ ಉಗುಳು ನುಂಗುತ್ತಿದ್ದ.
ಅವನಿಗೇ ಗೊತ್ತಿರಲಿಲ್ಲವೇನೋ.
ಮೂರನೆಯ ಅಧ್ಯಾಯಕ್ಕೇ ನನಗೆ ಆಳು ಸಿಕ್ಕಿಬಿಡುತ್ತಿದ್ದ;
ಆದರೂ ಮಿಕ್ಕ ಹನ್ನೆರಡು ಗಂಟೆ ಸುಮ್ಮನೆ ಕೇಳುತ್ತಿದ್ದೆ,
ಗೆಳೆಯ ಹಳೇ ಜೋಕು ಹೇಳುವಾಗ ಕೇಳುವ ಹಾಗೆ.

ಆಮೇಲೆ ಹಿಲ್ಮ.
ಇನ್‌ಸ್ಪೆಕ್ಟರನಿಗೆ ಕೋಣೆ ಬಾಡಿಗೆ ಕೊಟ್ಟ ವಿಧವೆ.
ಅವಳ ಸರದಿ ಬಂದರೆ ಓಯ್ವ ದನಿಯನ್ನು ಮೂಗಿಗೇರಿಸುತ್ತಿದ್ದ,
ಎಣ್ಣೆ ಕಾಣದ ತಿರುಗಣಿ ಕಿರುಗುಟ್ಟಿದ ಹಾಗೆ:
‘ತಡವಾಯ್ತು, ಸೂಪು ಆರಿಹೋಯ್ತು!’
ಸ್ಟಿಯರಿಂಗಿಗೆ ಹಣೆ ತಾಗುವಷ್ಟು ನಗುತ್ತಿದ್ದೆ.
ರಸ್ತೆಬದಿಯ ಹಿಮಸಾರಂಗ ಕತ್ತೆತ್ತಿ ನೋಡುತ್ತಿತ್ತು.

ಹೋದ ವರ್ಷ ಓಯ್ವ ತೀರಿಕೊಂಡ.
ಪೇಪರಿನಲ್ಲಿ ಫೋಟೊ: ಸಣಕಲು ಆಳು, ಅಗಲ ಕಿವಿ.
ಆ ದನಿಗೆ ಅದು ಮೈಯೇ ಅಲ್ಲ.

ಒಂಬತ್ತನೆಯದನ್ನು ಓದಿದವಳು ವೆನ್ಲಾ ಎಂಬ ಹುಡುಗಿ.
ಮೊದಲ ಸಾಲಿನಲ್ಲೇ ಇನ್‌ಸ್ಪೆಕ್ಟರು ಕೆಮ್ಮಿದ.
ಅದು ಅವನ ಕೆಮ್ಮಲ್ಲ.
ಸತ್ತವನ ಕೋಟು ತೊಟ್ಟು ಮದುವೆಗೆ ಹೊರಟ ಹಾಗಿದೆ
ಎಂದು ಬೈದು ಆಫ್ ಮಾಡಿದೆ.
ಮೂರು ರಾತ್ರಿ ಬರೀ ಅಲಗಿನ ಕರಕರ.
ನಾಲ್ಕನೆಯ ರಾತ್ರಿ ಮೈನಸ್ ಮೂವತ್ತೊಂದು,
ರೆಪ್ಪೆಯ ಮೇಲೆ ನಿದ್ದೆ ಕೂತಿತ್ತು. ಹಾಕಿದೆ.

ಹಿಲ್ಮ ಬಂದಳು.
ಹುಡುಗಿ ದನಿ ಏರಿಸಲೇ ಇಲ್ಲ.
ಬಟ್ಟಲನ್ನು ಮೇಜಿಗೆ ಇಡುವಷ್ಟು ಮೆತ್ತಗೆ,
‘ತಡವಾಯ್ತು.

ಸೂಪು ಆರಿಹೋಯ್ತು.’

ಆ ಎರಡು ಮಾತಿನ ನಡುವೆ ಅವಳು ಬಿಟ್ಟ ಜಾಗದಲ್ಲಿ
ಒಂದು ಲಾರಿ ಹಾದುಹೋಗಬಹುದಿತ್ತು.
ಹೋಯಿತು ಕೂಡ, ನಾರ್ವೆಯಿಂದ ಮೀನು ಹೊತ್ತು,
ನನ್ನ ಗಾಜಿಗೆಲ್ಲ ಹಿಮ ಎರಚಿ.
ಎಂಟು ಸಂಪುಟ, ಅದೇ ಅಕ್ಷರ, ಅದೇ ಸೂಪು.
ಆ ಹೆಂಗಸು ಪ್ರತಿ ಸಂಜೆ
ಗಡಿಯಾರ ನೋಡುತ್ತ ಕೂತಿರುತ್ತಿದ್ದಳೆಂದು
ನನಗೆ ಯಾರೂ ಹೇಳಿರಲಿಲ್ಲ.

ಕಾಮನೆನ್ನಿನ ಕಾಫಿ ಅಂಗಡಿಯಲ್ಲಿ ನನಗೂ ಒಂದು ಹೆಸರಿದೆ:
ಚೆನ್ನಾಗಿ ಅಣಕಿಸುತ್ತಾನೆ ಅಂತ.
ಲೆಂಪಿಯ ಮಾತನ್ನು ಮೂಗಿನಲ್ಲಿ ಆಡಿ ತೋರಿಸಿದರೆ
ಬಸ್ ಡ್ರೈವರ್ ಆಸ್ಲಕ್ ಕಾಫಿ ಚೆಲ್ಲಿಕೊಳ್ಳುತ್ತಾನೆ.
‘ನಾಡ ರಸ್ತೆಯೆಲ್ಲ ಗುಡಿಸಿದೆ, ನಮ್ಮ ಬಾಗಿಲು ಯಾವಾಗ?’
ಹನ್ನೊಂದು ವರ್ಷವಾಯಿತು ಅವಳು ಕೆಮಿಗೆ ಹೋಗಿ.
ಆ ಮಾತಿಗೆ ಈಗಲೂ, ಪ್ರತಿ ಚಳಿಗಾಲವೂ, ನಗು ಗ್ಯಾರಂಟಿ.

ಫೋನಿನಲ್ಲಿ ಒಂದು ಗುಂಡಿ ಇದೆ,
ಮೂವತ್ತು ಸೆಕೆಂಡು ಹಿಂದಕ್ಕೆ ಒಯ್ಯುವುದು.
ಒತ್ತಿದೆ. ಮತ್ತೆ ಒತ್ತಿದೆ.
ಆಮೇಲೆ ನಿಲ್ಲಿಸಿ, ವೈಪರೂ ನಿಲ್ಲಿಸಿ,
ಲೆಂಪಿ ಅಂದದ್ದನ್ನು ಒಮ್ಮೆ
ಏರಿಸದೆ, ನನ್ನ ದನಿಯಲ್ಲೇ ಅಂದು ನೋಡೋಣವೆಂದುಕೊಂಡೆ.
ಬಾಯಿ ತೆರೆಯುವ ಮುನ್ನ
ಉಗುಳು ನುಂಗಿದ್ದು ನನಗೇ ಕೇಳಿಸಿತು.

ಒಂಬತ್ತನೆಯದರಲ್ಲಿ ಕೊಲೆ ಮಾಡಿದವರು ಯಾರೋ,
ಇನ್ನೂ ತಿಳಿದಿಲ್ಲ.
ವೆನ್ಲಾ ನುಂಗುವವಳಲ್ಲ.